ಹಬ್ಬದ ರಜೆಗೆ ಸಂಬಳ ಹಿಡಿಯಬೇಕೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ತುಮಕೂರಿನ ಸಪ್ತಗಿರಿ ಬಡಾವಣೆಯಲ್ಲಿದ್ದೇವೆ. ನಾನು ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದು, ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಪತಿ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಮಗಳಿಗೆ ಈಗ ಎಂಟು ತಿಂಗಳು. ಹೆರಿಗೆ ರಜೆ ಮುಗಿದ ಮೇಲೆ ಅತ್ತೆಯವರು ಮಗುವನ್ನು ನೋಡಿಕೊಂಡರು. ಮುಂದಿನ ತಿಂಗಳು ಅವರು ತಿಪಟೂರಿಗೆ ಹಿಂದಿರುಗುತ್ತಾರೆ. ಮೇಳೆಕೋಟೆಯ ಕಡೆಯಿಂದ ಬರುವ ಒಬ್ಬ ಮಹಿಳೆಯನ್ನು ಮಗು ನೋಡಿಕೊಳ್ಳಲು ಗೊತ್ತುಮಾಡಿದ್ದೇವೆ. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ ಕೆಲಸ, ತಿಂಗಳಿಗೆ ₹12,000 ಸಂಬಳ ಎಂದು ಮಾತಾಗಿದೆ. ಹೊರಡುವ ಮುಂಚೆ ಆಕೆ, ‘ಅಕ್ಕಾ, ಗೌರಿ ಹಬ್ಬಕ್ಕೆ ತವರಿಗೆ ಹೋಗ್ಬೇಕು, ಯುಗಾದಿ, ಹೊಸತೊಡಕು ಎರಡು ದಿನ ಬರೋಕಾಗಲ್ಲ. ಅದಕ್ಕೆಲ್ಲ ಸಂಬಳ ಹಿಡೀತೀರಾ? ನೀವೇ ಊರಿಗೆ ಹೋದ್ರೆ ಹೇಗೆ?’ ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಬಂದ ದಿನಕ್ಕೆ ಮಾತ್ರ ಕೊಡಬೇಕು, ಇಲ್ಲದಿದ್ದರೆ ರಜೆ ಹಾಕುವುದೇ ಅಭ್ಯಾಸವಾಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ದೀಪಾವಳಿಗೆ ಸೀರೆ ಕೊಡುತ್ತೇವಲ್ಲ, ಅದೇ ಸಾಕು ಎನ್ನುವವರೂ ಇದ್ದಾರೆ. ದಸರೆಗೆ ಒಂದು ವಾರ, ಬೇಸಿಗೆಯಲ್ಲಿ ಹತ್ತು ದಿನ ನಾವು ತಿಪಟೂರಿಗೆ ಹೋಗುತ್ತೇವೆ. ಕಾನೂನು ಏನು ಹೇಳುತ್ತದೆ, ನ್ಯಾಯ ಏನು ಹೇಳುತ್ತದೆ ತಿಳಿಸಿ.
— ಒಬ್ಬ ತಾಯಿ, ತುಮಕೂರು

ಉತ್ತರ: ಕೆಲಸಕ್ಕೆ ಸೇರುವ ಮುಂಚೆಯೇ ಆಕೆ ಈ ಮಾತನ್ನು ಎತ್ತಿದ್ದಾರೆ ಎಂಬುದನ್ನು ನೀವು ಶುಭವೆಂದೇ ಭಾವಿಸಬೇಕು. ಮೂರು ತಿಂಗಳು ಇದ್ದು ಬಿಡುವ ಯೋಚನೆ ಇರುವವರು ವರ್ಷದ ಹಬ್ಬಗಳ ಲೆಕ್ಕವನ್ನು ಕೇಳುವುದಿಲ್ಲ. ನಿಮ್ಮ ಮಗಳನ್ನು ದಿನಕ್ಕೆ ಹತ್ತು ಗಂಟೆ ಎತ್ತಿಕೊಂಡಿರುವ ವ್ಯಕ್ತಿ ಆಕೆ. ತಿಂಗಳ ಕೊನೆಯಲ್ಲಿ ಕೈಗೆ ಎಷ್ಟು ಬರುತ್ತದೆ ಎಂಬ ಆತಂಕವಿಲ್ಲದೆ ಆಕೆ ನಿಮ್ಮ ಮನೆಯಲ್ಲಿರುವುದು ಆಕೆಗೆಷ್ಟು ಮುಖ್ಯವೋ ಮಗುವಿಗೂ ಅಷ್ಟೇ ಮುಖ್ಯ.

ಮೊದಲು ಕಾನೂನಿನ ಮಾತು. ನಿಮ್ಮ ಕಂಪನಿ, ನಿಮ್ಮ ಪತಿಯ ಕಾರ್ಖಾನೆ ಇವೆರಡೂ ಹಬ್ಬದ ರಜೆ ಕೊಡುವುದು ಔದಾರ್ಯದಿಂದಲ್ಲ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ 1963ರಲ್ಲಿ ಬಂದ ನಮ್ಮ ರಾಜ್ಯದ ಕಾಯ್ದೆಯಿಂದಾಗಿ. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ, ಅದರ ಜೊತೆಗೆ ಐದು ಹಬ್ಬದ ದಿನ, ಒಟ್ಟು ಹತ್ತು ದಿನ ಸಂಬಳಸಹಿತ ರಜೆ ಕೊಡಬೇಕು. ಆ ದಿನ ಕೆಲಸ ಮಾಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬೇರೊಂದು ದಿನ ರಜೆ ಕೊಡಬೇಕು. ಆದರೆ ಈ ಕಾಯ್ದೆ ಸಂಸ್ಥೆಗಳಿಗೆ ಅನ್ವಯಿಸುತ್ತದೆಯೇ ಹೊರತು ಒಂದು ಸಂಸಾರದ ಮನೆಗಲ್ಲ. ಮನೆಗೆಲಸದವರಿಗೆ ವಾರಕ್ಕೊಮ್ಮೆ ಕನಿಷ್ಠ 24 ಗಂಟೆ ನಿರಂತರ ಬಿಡುವು ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು; ಭಾರತ ಅದರ ಪರವಾಗಿ ಮತ ಹಾಕಿದರೂ ಅದನ್ನು ಅನುಮೋದಿಸಿಲ್ಲ. ಹೀಗಾಗಿ ರಜೆಯ ಸಂಬಳದ ವಿಷಯದಲ್ಲಿ ನಿಮ್ಮಿಬ್ಬರ ನಡುವಿನ ಮಾತೇ ಆಕೆಗೆ ಇರುವ ಆಧಾರ. ಕೂಲಿಯ ದರದ ವಿಷಯ ಹಾಗಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲಿಯೇ ನಿಗದಿ ಮಾಡಿದೆ, ತುಟ್ಟಿಭತ್ಯೆ ಸೇರಿ ಆ ಮೊತ್ತ ಬದಲಾಗುತ್ತಾ ಬಂದಿದೆ. ಕನಿಷ್ಠ ವೇತನದ ಲೆಕ್ಕ ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ. ನೀವು ಮಾತಾಡಿರುವುದು ಹತ್ತು ಗಂಟೆ. ಆದ್ದರಿಂದ ₹12,000 ಎಂಬ ಮಾತು ಗಟ್ಟಿ ಮಾಡುವ ಮುನ್ನ ನಗರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಈ ವರ್ಷದ ದರವನ್ನು ಕೇಳಿಕೊಳ್ಳಿ, ಹೆಚ್ಚಿನ ಎರಡು ಗಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಳಪಾಯವೇ ಕಡಿಮೆಯಾದರೆ ರಜೆಯ ಲೆಕ್ಕವೂ ಅದರ ಮೇಲೆ ಸೊಟ್ಟಗೇ ನಿಲ್ಲುತ್ತದೆ.

‘ಬಂದ ದಿನಕ್ಕೆ ಮಾತ್ರ’ ಎಂಬ ನೆರೆಯವರ ಮಾತು ದಿನಗೂಲಿಯ ಲೆಕ್ಕ. ಗಾರೆ ಕೆಲಸಕ್ಕೋ ಕಳೆ ಕೀಳುವುದಕ್ಕೋ ಕರೆದವರಿಗೆ ಅದು ಸರಿಹೋಗಬಹುದು, ಏಕೆಂದರೆ ಇವತ್ತು ನಿಮ್ಮಲ್ಲಿ ಕೆಲಸವಿಲ್ಲದಿದ್ದರೆ ಅವರು ಇನ್ನೊಬ್ಬರ ಹೊಲಕ್ಕೆ ಹೋಗುತ್ತಾರೆ. ಮಗು ನೋಡಿಕೊಳ್ಳುವವರು ಹಾಗೆ ಹೋಗಲಾರರು, ಹೋಗಬಾರದೆಂದೇ ನೀವೂ ಬಯಸುತ್ತೀರಿ. ತಿಂಗಳ ಸಂಬಳ ಎಂದು ಒಪ್ಪಿಕೊಂಡ ಮೇಲೆ ಅದರಲ್ಲಿ ಭಾನುವಾರಗಳೂ ಹಬ್ಬಗಳೂ ಸೇರಿವೆ. ನಿಮ್ಮ ಸಂಬಳದಲ್ಲಿ ಸೇರಿರುವಂತೆಯೇ.

ನೀವು ಲೆಕ್ಕಪತ್ರದವರಾದ್ದರಿಂದ ಈ ಮಾತು ಬೇಗ ಹಿಡಿಸುತ್ತದೆ ಎಂದುಕೊಂಡಿದ್ದೇನೆ. ಒಂದು ದಿನದ ಸಂಬಳ ಎಷ್ಟು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ₹12,000ವನ್ನು 26 ಕೆಲಸದ ದಿನಗಳಿಂದ ಭಾಗಿಸಿದರೆ ಸುಮಾರು ₹462, 30ರಿಂದ ಭಾಗಿಸಿದರೆ ₹400. ಸಂಬಳ ಹಿಡಿಯುವಾಗ 26ರಿಂದ ಭಾಗಿಸಿ, ಹೆಚ್ಚುವರಿ ದಿನಕ್ಕೆ ಕೊಡುವಾಗ 30ರಿಂದ ಭಾಗಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಬಹುಮಟ್ಟಿಗೆ ಅದು ದುರುದ್ದೇಶದಿಂದಲ್ಲ, ಆಯಾ ಹೊತ್ತಿಗೆ ತೋಚಿದ ಲೆಕ್ಕ ಮಾಡುವುದರಿಂದ ಆಗುತ್ತದೆ. ಎರಡಕ್ಕೂ 26 ಇರಲಿ ಎಂಬುದು ನನ್ನ ಸಲಹೆ. ಗ್ರಾಚ್ಯುಟಿಯ ಲೆಕ್ಕದಲ್ಲಿಯೂ ತಿಂಗಳಿಗೆ 26 ದಿನ ಎಂದೇ ಎಣಿಸುತ್ತಾರೆ. ಈಗ ವರ್ಷಕ್ಕೆ ಹತ್ತು ಹಬ್ಬದ ರಜೆ, ಆಕೆಯ ಸ್ವಂತ ಅಗತ್ಯಕ್ಕೂ ಕಾಯಿಲೆಗೂ ಸೇರಿ ತಿಂಗಳಿಗೊಂದರಂತೆ ಹನ್ನೆರಡು ದಿನ, ಒಟ್ಟು 22 ದಿನ ಸಂಬಳಸಹಿತ ರಜೆ ಎಂದುಕೊಳ್ಳಿ. ವರ್ಷಕ್ಕೆ ಅದರ ಮೌಲ್ಯ ಸುಮಾರು ₹10,150, ತಿಂಗಳಿಗೆ ₹850ಕ್ಕಿಂತ ಕಡಿಮೆ. ಆ ಮೊತ್ತವನ್ನು ಉಳಿಸಲು ಹೋಗಿ ಆಕೆ ಬೇರೆ ಮನೆ ನೋಡಿಕೊಂಡರೆ, ಹೊಸಬರನ್ನು ಹುಡುಕುವವರೆಗೆ ನಿಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಾಗುತ್ತದೆ, ಮಗು ಮತ್ತೊಂದು ಮುಖಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ.

ಹತ್ತು ದಿನ ಯಾವುವು ಎಂಬುದನ್ನು ಆಕೆಯೇ ಹೇಳಲಿ. ಅಕ್ಟೋಬರ್ 2ರ ರಜೆಗಿಂತ ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆಯ ಒಂದು ದಿನ ಆಕೆಗೆ ದೊಡ್ಡದಾಗಿರಬಹುದು. ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯನ್ನು ನಿಮ್ಮ ಕಂಪನಿಯ ರಜೆಪಟ್ಟಿಯಲ್ಲಿ ಹುಡುಕಿದರೆ ಸಿಗದೇ ಇರಬಹುದು, ಆದರೆ ಆಕೆಯ ಮನೆಯಲ್ಲಿ ಅದು ತಪ್ಪಿಸಲಾಗದ ದಿನ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಕಾಯುತ್ತಿರುತ್ತದೆ. ಮುಂದೆ ಎಂದಾದರೂ ಮುಸ್ಲಿಂ ಅಥವಾ ಕ್ರೈಸ್ತ ಮಹಿಳೆಯೊಬ್ಬರು ನಿಮ್ಮಲ್ಲಿ ಕೆಲಸಕ್ಕೆ ಬಂದರೆ ರಂಜಾನ್, ಬಕ್ರೀದ್, ಕ್ರಿಸ್‌ಮಸ್ ಅವರ ಪಟ್ಟಿಯಲ್ಲಿರಬೇಕು. ನಮ್ಮ ಹಬ್ಬಕ್ಕೆ ರಜೆ ಕೊಟ್ಟೆವಲ್ಲ ಎಂದರೆ ಅದು ಅವರಿಗೆ ಹಬ್ಬದ ರಜೆಯಾಗುವುದಿಲ್ಲ. ಆಕೆ ಹೇಳಿದ ಪಟ್ಟಿಯನ್ನು ನಿಮ್ಮ ಕಂಪನಿಯ ಮತ್ತು ಪತಿಯ ಕಾರ್ಖಾನೆಯ ರಜೆಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿ. ಗಣರಾಜ್ಯೋತ್ಸವ, ರಾಜ್ಯೋತ್ಸವದಂತಹ ದಿನಗಳಲ್ಲಿ ನೀವೇ ಮನೆಯಲ್ಲಿರುತ್ತೀರಿ. ತೊಡಕು ಬರುವುದು ಹೊಸತೊಡಕು, ಜಾತ್ರೆ, ಅಮಾವಾಸ್ಯೆಯಂತಹ ಮೂರು ನಾಲ್ಕು ದಿನಗಳಲ್ಲಿ. ಆ ದಿನಗಳಿಗೆ ನಿಮ್ಮಿಬ್ಬರಲ್ಲಿ ಯಾರು ರಜೆ ಹಾಕಬೇಕು, ಅಥವಾ ತಿಪಟೂರಿನಿಂದ ಅತ್ತೆಯವರು ಬರಬಹುದೇ ಎಂಬುದನ್ನು ಈಗಲೇ ಯೋಚಿಸಿಟ್ಟರೆ, ಹಬ್ಬದ ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ‘ನಾಳೆ ಒಂದು ದಿನ ಹೇಗಾದರೂ ಬಾ’ ಎಂದು ಒತ್ತಾಯಿಸುವ ಸಂದರ್ಭ ಬರುವುದಿಲ್ಲ.

ರಜೆ ಭಾನುವಾರವೇ ಬಂದರೆ? 2026ರ ನವೆಂಬರ್ 1 ಭಾನುವಾರವೇ ಬರುತ್ತದೆ. ಅಂತಹ ದಿನಕ್ಕೆ ಬದಲಾಗಿ ಆಕೆ ತನಗೆ ಬೇಕಾದ ಇನ್ನೊಂದು ದಿನವನ್ನು ಆರಿಸಿಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ಒಪ್ಪಿದ ಹಬ್ಬದ ದಿನ ನಿಜಕ್ಕೂ ಆಕೆ ಬರಲೇಬೇಕಾದ ಪರಿಸ್ಥಿತಿ ಒದಗಿದರೆ, ಮೇಲೆ ಹೇಳಿದ ಕಾಯ್ದೆಯ ಅಳತೆಯನ್ನೇ ಮನೆಗೂ ತನ್ನಿ. ಆ ದಿನದ ಸಂಬಳ ತಿಂಗಳ ಸಂಬಳದಲ್ಲಿ ಇದ್ದೇ ಇದೆ. ಅದರ ಮೇಲೆ ಇನ್ನೊಂದು ₹462 ಕೊಡಿ, ಅಥವಾ ಅದೇ ತಿಂಗಳಲ್ಲಿ ಇನ್ನೊಂದು ದಿನ ಬಿಡುವು ಕೊಡಿ. ಎರಡರಲ್ಲಿ ಯಾವುದು ಎಂಬುದನ್ನು ಆಯ್ಕೆ ಮಾಡುವವರು ಆಕೆಯಾಗಿರಲಿ.

ಇನ್ನು ನೀವು ಊರಿಗೆ ಹೋಗುವ ದಿನಗಳು. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ: ಪೂರ್ತಿ ಸಂಬಳ ಕೊಡಬೇಕು. ಆಕೆ ಬರಲು ಸಿದ್ಧಳಿದ್ದಾಳೆ, ಬೇಡವೆಂದವರು ನೀವು. ದಸರೆಯ ಆರು ಕೆಲಸದ ದಿನ, ಬೇಸಿಗೆಯ ಎಂಟೋ ಒಂಬತ್ತೋ ದಿನ ಸಂಬಳ ಹಿಡಿದರೆ, ನಿಮ್ಮ ಪ್ರವಾಸದ ಖರ್ಚಿನಲ್ಲಿ ₹6,000ಕ್ಕೂ ಹೆಚ್ಚು ಆಕೆಯ ಮನೆಯಿಂದ ಬಂದಂತಾಗುತ್ತದೆ. ಆ ತಿಂಗಳೂ ಆಕೆಯ ಮನೆಯ ಬಾಡಿಗೆ ಪೂರ್ತಿ, ಮಕ್ಕಳ ಶಾಲೆಯ ಫೀಸು ಪೂರ್ತಿ, ಸಂಘಕ್ಕೆ ಕಟ್ಟುವ ವಾರದ ಕಂತೂ ಪೂರ್ತಿ. ನಿಮ್ಮ ರಜೆ ಮತ್ತು ಆಕೆಯ ಸ್ವಂತ ರಜೆ ಹೊಂದಿಕೆಯಾಗುವಂತೆ ಮೊದಲೇ ಕೇಳಿಕೊಳ್ಳಬಹುದು. ನಾವು ದಸರೆಗೆ ಇರುವುದಿಲ್ಲ, ನಿಮ್ಮ ಸ್ವಂತ ರಜೆಯಲ್ಲಿ ಎರಡು ದಿನವನ್ನು ಆ ವಾರದಲ್ಲಿಯೇ ತೆಗೆದುಕೊಳ್ಳುವಿರಾ ಎಂದು ತಿಂಗಳು ಮುಂಚೆ ಕೇಳುವುದರಲ್ಲಿ ತಪ್ಪಿಲ್ಲ. ಹದಿನೈದು ದಿನವನ್ನೂ ಆಕೆಯ ರಜೆಯ ಖಾತೆಗೆ ಹಾಕಿಬಿಡುವುದು ತಪ್ಪು.

ಕಾಯಿಲೆಯ ದಿನಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮಗು ಇರುವ ಮನೆಯಲ್ಲಿ ಅದನ್ನು ಹೇಳದೆ ಬಿಡಲಾರೆ. ಜ್ವರ ಬಂದರೂ ಸಂಬಳ ಹಿಡಿಯುತ್ತಾರೆಂದಾದರೆ ಆಕೆ ಮಾತ್ರೆ ನುಂಗಿ ಬರುತ್ತಾಳೆ, ಬಂದು ನಿಮ್ಮ ಎಂಟು ತಿಂಗಳ ಮಗಳನ್ನು ಎದೆಗೊತ್ತಿಕೊಂಡು ಮಲಗಿಸುತ್ತಾಳೆ. ಶೀತವೋ ಕಣ್ಣುಬೇನೆಯೋ ವಾಂತಿಭೇದಿಯೋ ಇದ್ದಾಗ ‘ಇವತ್ತು ಬರಲ್ಲ ಅಕ್ಕಾ’ ಎಂದು ಫೋನು ಮಾಡಿ ಹೇಳುವ ಧೈರ್ಯ ಆಕೆಗಿರಬೇಕು. ಆ ಧೈರ್ಯ ಬರುವುದು ಸಂಬಳ ಹಿಡಿಯುವುದಿಲ್ಲವೆಂದು ಗೊತ್ತಿದ್ದಾಗ ಮಾತ್ರ.

ದೀಪಾವಳಿಯ ಸೀರೆ ಪ್ರೀತಿಯ ಉಡುಗೊರೆ, ಕೊಡಿ. ಅದನ್ನು ರಜೆಯ ಸಂಬಳಕ್ಕೆ ವಜಾ ಹಾಕಬೇಡಿ. ಉಡುಗೊರೆಯನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಅದು ಉಡುಗೊರೆಯಾಗಿ ಉಳಿಯುವುದಿಲ್ಲ, ಸೀರೆಯಿಂದ ಬಾಡಿಗೆ ಕಟ್ಟಲೂ ಆಗುವುದಿಲ್ಲ.

ಸಂಬಳ ಕೊಟ್ಟರೆ ರಜೆ ಅಭ್ಯಾಸವಾಗುತ್ತದೆ ಎಂಬ ಭಯ ನನಗೂ ಒಂದು ಕಾಲದಲ್ಲಿತ್ತು. ನನ್ನ ಮಗ ಚಿಕ್ಕವನಿದ್ದಾಗ ಅವನನ್ನು ನೋಡಿಕೊಳ್ಳುತ್ತಿದ್ದವರು ಗೌರಿ ಹಬ್ಬಕ್ಕೆ ತವರಿಗೆ ಹೋಗಿ ಮೂರು ದಿನ ತಡವಾಗಿ ಬಂದರು. ಮೊದಲೇ ಏನನ್ನೂ ಮಾತಾಡಿರದ ನಾನು ಆ ತಿಂಗಳು ಮೂರು ದಿನದ ಸಂಬಳ ಹಿಡಿದುಕೊಂಡೆ. ಅವರು ಏನೂ ಹೇಳಲಿಲ್ಲ. ತವರಿನಿಂದ ನನ್ನ ಮಗನಿಗೆಂದು ತಂದಿದ್ದ ಕಜ್ಜಾಯದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದರು. ಎರಡು ತಿಂಗಳಲ್ಲಿ ಕೆಲಸ ಬಿಟ್ಟರು. ಹಿಡಿದ ಹಣ ಎಷ್ಟೆಂಬುದು ಈಗ ನೆನಪಿಲ್ಲ. ಆ ಡಬ್ಬಿ ನೆನಪಿದೆ. ಎಷ್ಟು ದಿನ ಹೋಗುತ್ತೀರಿ ಎಂದು ನಾನು ಒಂದು ಮಾತು ಮೊದಲೇ ಕೇಳಿದ್ದರೆ, ಎಷ್ಟು ದಿನದವರೆಗೆ ಸಂಬಳ ಇರುತ್ತದೆ ಎಂದು ಹೇಳಿದ್ದರೆ, ಇಬ್ಬರಿಗೂ ಅದು ಬೇಕಾಗಿರಲಿಲ್ಲ. ಮಿತಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದಾಗಲೇ ರಜೆ ಬೆಳೆಯುವುದು ಎಂದು ನನ್ನ ಅನುಭವ ಹೇಳುತ್ತದೆ.

ಆದ್ದರಿಂದ ಅತ್ತೆಯವರು ಊರಿಗೆ ಹೊರಡುವ ಮೊದಲು ಒಂದು ಸಂಜೆ ಆಕೆಯನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಈ ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಸಂಬಳ ಎಷ್ಟು, ಯಾವ ತಾರೀಖಿಗೆ, ಕೆಲಸದ ಹೊತ್ತು ಎಷ್ಟು, ವಾರದ ರಜೆ ಯಾವುದು, ಹತ್ತು ಹಬ್ಬಗಳ ಹೆಸರು, ಸ್ವಂತ ರಜೆ ತಿಂಗಳಿಗೆ ಒಂದು, ಅದಕ್ಕೂ ಮೀರಿದ ದಿನಕ್ಕೆ ಹಿಡಿಯುವ ಮೊತ್ತ, ರಜೆಯ ದಿನ ಬಂದರೆ ಕೊಡುವ ಮೊತ್ತ, ನೀವು ಊರಿಗೆ ಹೋದಾಗ ಪೂರ್ತಿ ಸಂಬಳ ಎಂಬ ಮಾತು, ಇಷ್ಟು ಸಾಕು. ಆಕೆಗೆ ಓದಲು ಬಂದರೂ ಬಾರದಿದ್ದರೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹಬ್ಬ ಮತ್ತು ರಾಷ್ಟ್ರೀಯ ದಿನಗಳ ರಜೆ ಮೊದಲ ದಿನದಿಂದಲೇ ಸಲ್ಲಬೇಕು. ಸ್ವಂತ ರಜೆ ತಿಂಗಳು ಕಳೆದಂತೆ ಒಂದೊಂದಾಗಿ ಸೇರುತ್ತಾ ಹೋದರೆ ಸಾಕು, ಬಳಸದೆ ಉಳಿದದ್ದನ್ನು ವರ್ಷದ ಕೊನೆಗೆ ಹಣವಾಗಿ ಕೊಡುವುದು ಒಳ್ಳೆಯದು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಆಕೆಯ ರಜೆಯನ್ನೂ ಆಕೆಯ ಕೈಯಲ್ಲಿಯೇ ಗುರುತು ಮಾಡಿಸಿ. ತಿಂಗಳ ಕೊನೆಯಲ್ಲಿ ನೆನಪಿನ ಮೇಲೆ ವಾದವಾಗುವುದಿಲ್ಲ.

ಪ್ರಶ್ನೆ: ನಾನು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈ ಪತ್ರವನ್ನು ಮಗಳ ಕೈಯಲ್ಲಿ ಬರೆಸಿದ್ದೇನೆ. ಹಿಂದೆ ಇದ್ದ ಮನೆಯವರು ಮೇ ತಿಂಗಳಲ್ಲಿ 20 ದಿನ ಯಾತ್ರೆಗೆ ಹೋದರು. ‘ಬೇರೆ ಕಡೆ ಹೋಗಬೇಡ, ನಾವು ಬಂದ ಕೂಡಲೇ ನೀನು ಬೇಕು’ ಎಂದು ಹೇಳಿ ಹೋದವರು, ₹9,000 ಸಂಬಳದಲ್ಲಿ ₹6,000 ಹಿಡಿದು ₹3,000 ಕೊಟ್ಟರು. ಯುಗಾದಿಯ ದಿನವೂ ನಾನು ಕೆಲಸಕ್ಕೆ ಹೋಗಿದ್ದೆ, ಅದಕ್ಕೆ ಏನೂ ಕೊಡಲಿಲ್ಲ. ಈಗ ಬೇರೆ ಮನೆಗೆ ಸೇರುತ್ತಿದ್ದೇನೆ. ಮೊದಲೇ ರಜೆಯ ಮಾತು ಎತ್ತಿದರೆ ಕೆಲಸವೇ ಸಿಗುವುದಿಲ್ಲವೇನೋ ಎಂಬ ಭಯ.
— ಕ್ಯಾತ್ಸಂದ್ರದ ಓದುಗರು

ಉತ್ತರ: ಅಮ್ಮಾ, ನಿಮಗೆ ಆದದ್ದು ಅನ್ಯಾಯ. ಬೇರೆ ಕಡೆ ಹೋಗಬೇಡವೆಂದು ಹೇಳಿ ನಿಮ್ಮ 20 ದಿನಗಳನ್ನು ಕಾಯ್ದಿರಿಸಿಕೊಂಡ ಮೇಲೆ ಆ ದಿನಗಳಿಗೆ ಸಂಬಳ ಕೊಡಬೇಕಾಗಿತ್ತು. ಅಷ್ಟು ಶಕ್ತಿ ಇಲ್ಲದ ಮನೆಯಾಗಿದ್ದರೆ ಒಂದು ತಿಂಗಳು ಮುಂಚೆ ತಿಳಿಸಿ, ಆ ದಿನಗಳಲ್ಲಿ ಬೇರೆ ಕೆಲಸಕ್ಕೆ ಹೋಗಲು ನಿಮ್ಮನ್ನು ಬಿಟ್ಟು, ಅರ್ಧ ಸಂಬಳವನ್ನಾದರೂ ಕೊಡಬೇಕಾಗಿತ್ತು. ನಿಮ್ಮನ್ನು ಕಟ್ಟಿಹಾಕಿ ಸಂಬಳವನ್ನೂ ಹಿಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಳೆಯ ಬಾಕಿಯನ್ನು ಕೇಳಬೇಕೆನ್ನಿಸಿದರೆ ಮೊದಲು ಆ ಮನೆಯವರನ್ನೇ ಒಮ್ಮೆ ಕೇಳಿ. ಆಗದಿದ್ದರೆ ನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಬರಹದ ಒಪ್ಪಂದವಿಲ್ಲದೆ ರಜೆಯ ಸಂಬಳವನ್ನು ವಸೂಲು ಮಾಡುವುದು ಸುಲಭವಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಹಾಗೆಂದೇ ಹೊಸ ಮನೆಯಲ್ಲಿ ಮಾತು ಮೊದಲೇ ಆಗಬೇಕು.

ಹೇಗೆ ಕೇಳುವುದು? ಸಂಬಳದ ಮಾತು ಮುಗಿದ ಕೂಡಲೇ, ಅದೇ ಉಸಿರಿನಲ್ಲಿ ಕೇಳಿ. ‘ಮೇಡಂ, ವಾರಕ್ಕೆ ಒಂದು ದಿನ ರಜೆ, ಹಬ್ಬಕ್ಕೆ ಹತ್ತು ದಿನ, ಇವಕ್ಕೆ ಸಂಬಳ ಹಿಡಿಯಬಾರದು. ನೀವು ಊರಿಗೆ ಹೋದಾಗ ನನಗೆ ಬೇರೆ ಗಳಿಕೆ ಇರುವುದಿಲ್ಲ, ಆ ದಿನಗಳ ಸಂಬಳ ಕೊಡಬೇಕು. ನಾನೂ ಹೇಳದೆ ರಜೆ ಹಾಕುವುದಿಲ್ಲ’ ಎಂದು ಹೇಳಿದರೆ ಸಾಕು. ಕೊನೆಯ ವಾಕ್ಯವನ್ನು ಬಿಡಬೇಡಿ. ಎದುರಿನವರ ಆತಂಕ ಇರುವುದು ಅಲ್ಲಿಯೇ. ಕಾಗದದಲ್ಲಿ ಬರೆದುಕೊಡಿ ಎಂದು ಕೇಳಲು ಸಂಕೋಚವಾದರೆ, ಮಗಳ ಕೈಯಲ್ಲಿ ಇದೇ ಮಾತನ್ನು ಅವರ ವಾಟ್ಸ್ಆ್ಯಪ್‌ಗೆ ಕಳುಹಿಸಿ, ‘ಸರಿ’ ಎಂಬ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಸಂಬಳವನ್ನು ಬ್ಯಾಂಕ್ ಖಾತೆಗೋ ಫೋನ್‌ಪೇಗೋ ಹಾಕಲು ಕೇಳಿದರೆ, ಯಾವ ತಿಂಗಳು ಎಷ್ಟು ಬಂತು ಎಂಬುದಕ್ಕೂ ದಾಖಲೆ ಇರುತ್ತದೆ. ಈ ಮಾತುಗಳನ್ನು ಕೇಳಿದ್ದಕ್ಕೇ ಬೇಡವೆನ್ನುವ ಮನೆ, ಬರುವ ಮೇ ತಿಂಗಳಲ್ಲಿ ನಿಮ್ಮ ಕೈಗೆ ಮತ್ತೆ ₹3,000 ಇಡುವ ಮನೆಯೇ ಆಗಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಮಗು ನೋಡಿಕೊಳ್ಳುವವರು ಪಾವಗಡದ ಕಡೆಯವರು. ಒಂದು ದಿನದ ಹಬ್ಬಕ್ಕೆಂದು ಹೋಗಿ ನಾಲ್ಕು ದಿನ ಬಿಟ್ಟು ಬರುತ್ತಾರೆ. ಸಂಬಳ ಹಿಡಿಯಬಹುದೇ?
— ಶಿರಾದ ಓದುಗರು

ಉತ್ತರ: ಎಷ್ಟು ದಿನವೆಂದು ಮೊದಲೇ ಒಪ್ಪಿದ್ದರೆ, ಅದಕ್ಕೆ ಮೀರಿದ ದಿನಗಳಿಗೆ ಹಿಡಿಯಬಹುದು, ಒಪ್ಪದೆ ಹಿಡಿಯಬಾರದು. ಆದರೆ ಪಾವಗಡದ ಒಳಹಳ್ಳಿಗೆ ಹೋಗಿ ಬರುವ ದಾರಿಗೇ ಹಬ್ಬದ ಹಿಂದಿನ ಅರ್ಧ ದಿನ, ಮಾರನೆಯ ಅರ್ಧ ದಿನ ಬೇಕಾಗಬಹುದು ಎಂಬುದನ್ನು ಯೋಚಿಸಿ. ಹತ್ತು ಹಬ್ಬಕ್ಕೆ ಹತ್ತು ಬಾರಿ ಒಂದೊಂದು ದಿನ ಕೊಡುವ ಬದಲು, ಯುಗಾದಿ ಮತ್ತು ಗೌರಿ–ಗಣೇಶ ಹಬ್ಬಗಳಿಗೆ ಮೂರು ಮೂರು ದಿನ ಒಟ್ಟಾಗಿ ಕೊಟ್ಟು, ಉಳಿದ ನಾಲ್ಕನ್ನು ಬಿಡಿಯಾಗಿ ಇಟ್ಟುಕೊಳ್ಳಿ ಎಂದು ಕೇಳಿ ನೋಡಿ. ಹೊರಡುವ ದಿನವೇ ಹಿಂದಿರುಗುವ ದಿನವನ್ನು ಇಬ್ಬರೂ ಸೇರಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬಸ್ ತಪ್ಪಿದರೆ ಹಿಂದಿನ ಸಂಜೆಯೇ ಫೋನು ಮಾಡಬೇಕೆಂದು ಹೇಳಿಕೊಳ್ಳಿ. ಫೋನು ಮಾಡಿ ತಿಳಿಸಿದ ಒಂದು ದಿನದ ತಡವನ್ನು ಅವರ ಸ್ವಂತ ರಜೆಗೆ ಸೇರಿಸಿ, ಸಂಬಳ ಹಿಡಿಯಬೇಡಿ.